ಬೆಲ್ಟಿನ ಸ್ಕೂಟರಿನಲ್ಲಿ ಕೇಳಿಬರುವ ಅಸಹಜ ಶಬ್ದಗಳು: ಕಾರಣನಿರ್ಣಯದ ಒಂದು ವಿವೇಚನೆ

ಸ್ಕೂಟರಿನ ಹಿಂಬದಿಯ ಎಡಮಗ್ಗುಲಿನಿಂದ ಹೊಸದೊಂದು ಸದ್ದು ಕೇಳಿಬಂದಾಗ ಸವಾರನ ಮನಸ್ಸಿನಲ್ಲಿ ಮೊದಲು ಹುಟ್ಟುವುದು ಕಳವಳ. ಅದರ ಬೆನ್ನಲ್ಲೇ ಹುಟ್ಟುವುದು ಊಹೆ. ಊಹೆಯನ್ನೇ ನಿರ್ಣಯವೆಂದು ಭಾವಿಸಿ, ಬೆಲ್ಟನ್ನೋ ಕ್ಲಚ್ಚನ್ನೋ ಬದಲಾಯಿಸಿ, ಸಾವಿರಾರು ರೂಪಾಯಿ ತೆತ್ತು, ಅದೇ ಸದ್ದಿನೊಡನೆ ಮನೆಗೆ ಮರಳಿದವರು ನಮ್ಮ ಅಧ್ಯಾಪಕವರ್ಗದಲ್ಲಿಯೂ ವಿದ್ಯಾರ್ಥಿವರ್ಗದಲ್ಲಿಯೂ ವಿರಳರಲ್ಲ. ಈ ಲೇಖಕನೂ ಅವರಲ್ಲೊಬ್ಬ. ಶಬ್ದವೊಂದನ್ನು ಕೇಳಿದ ಮಾತ್ರಕ್ಕೆ ಅದರ ಮೂಲ ತಿಳಿಯುವುದಿಲ್ಲ. ಅದು ಯಾವ ಸಂದರ್ಭದಲ್ಲಿ ಹುಟ್ಟುತ್ತದೆ, ಯಾವ ಸಂದರ್ಭದಲ್ಲಿ ಅಡಗುತ್ತದೆ ಎಂಬುದನ್ನು ವಿಚಾರಿಸಿದಾಗಲೇ ಮೂಲ ತಿಳಿಯುತ್ತದೆ. ಆ ವಿಚಾರಣೆಯ ಕ್ರಮವನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನಿಗೆ ಈ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕಣ್ಣಿಗೆ ಕಾಣದ ಸಂಗತಿಯನ್ನು ಅದು ಬಿಟ್ಟ ಕುರುಹಿನಿಂದ ಊಹಿಸುವುದು, ಊಹೆಯನ್ನು ಬೇರೊಂದು ಕುರುಹಿನಿಂದ ಪರೀಕ್ಷಿಸುವುದು, ಪರೀಕ್ಷೆಗೆ ನಿಲ್ಲದಿದ್ದರೆ ಅದನ್ನು ಕೈಬಿಡುವುದು, ಇವು ನಮ್ಮ ನಿತ್ಯದ ಕೆಲಸ. ಮುಚ್ಚಳದೊಳಗೆ ಸುತ್ತುವ ಯಂತ್ರಭಾಗವೂ ಇಂತಹ ಕಾಣದ ಸಂಗತಿಯೇ. ಇಷ್ಟು ಸಮರ್ಥನೆ ಸಾಕೆಂದು ಭಾವಿಸುತ್ತೇನೆ.

ಬೆಲ್ಟಿನ ಮೂಲಕ ವೇಗದ ಪ್ರಮಾಣವನ್ನು ಮೆಟ್ಟಿಲಿಲ್ಲದೆ ಬದಲಾಯಿಸುವ ಉಪಾಯ ಇತ್ತೀಚಿನದಲ್ಲ. ಇಂಗ್ಲೆಂಡಿನ ಜೆನಿತ್ ಸಂಸ್ಥೆಯ ‘ಗ್ರಾಡುವಾ’ ಮೋಟಾರು ಸೈಕಲ್ಲಿನಲ್ಲಿ 1907ರ ಸುಮಾರಿಗೇ ಇದು ಕಾಣಿಸಿಕೊಂಡಿತು. ಸವಾರನು ಕೈಯಿಂದ ಒಂದು ಹಿಡಿಯನ್ನು ತಿರುಗಿಸಿದರೆ ಎಂಜಿನಿನ ಪುಲ್ಲಿಯ ಎರಡು ಮುಖಗಳು ಹತ್ತಿರಕ್ಕೆ ಬರುತ್ತಿದ್ದವು ಅಥವಾ ದೂರ ಸರಿಯುತ್ತಿದ್ದವು. ಬೆಲ್ಟು ಸಡಿಲವಾಗದಂತೆ ಹಿಂದಿನ ಚಕ್ರವೇ ಹಿಂದುಮುಂದಾಗಿ ಜರುಗುತ್ತಿತ್ತು. 1911ರಲ್ಲಿ ಬಂದ ‘ರಡ್ಜ್ ಮಲ್ಟಿ’ಯಲ್ಲಿ ಚಕ್ರವನ್ನು ಜರುಗಿಸುವ ಬದಲು ಹಿಂದಿನ ಪುಲ್ಲಿಯ ಮುಖವನ್ನೂ ಮುಂದಿನದರೊಡನೆ ಚಲಿಸುವಂತೆ ಮಾಡಲಾಯಿತು. 1914ರ ಐಲ್ ಆಫ್ ಮ್ಯಾನ್ ಸೀನಿಯರ್ ಪಂದ್ಯವನ್ನು ಸಿರಿಲ್ ಪುಲಿನ್ ಗೆದ್ದದ್ದು ಇಂತಹ ವಾಹನದ ಮೇಲೆಯೇ. ಆದರೆ ಬಯಲಿಗೆ ತೆರೆದಿದ್ದ ಆ ಬೆಲ್ಟುಗಳು ಮಳೆಯಲ್ಲಿ ಜಾರುತ್ತಿದ್ದವು. ಚೈನು ಮತ್ತು ಗೇರುಪೆಟ್ಟಿಗೆ ಅವುಗಳ ಸ್ಥಾನವನ್ನು ಆಕ್ರಮಿಸಿದವು. ಹಾಲೆಂಡಿನ ಹಬ್ ವಾನ್ ಡೋರ್ನ್ 1958ರಲ್ಲಿ ತನ್ನ ಡಾಫ್ ಕಾರಿನ ಮೂಲಕ ಬೆಲ್ಟನ್ನು ಮತ್ತೆ ರಂಗಕ್ಕೆ ತಂದಾಗ, ಸವಾರನ ಕೈಯ ಕೆಲಸವನ್ನು ಯಂತ್ರವೇ ವಹಿಸಿಕೊಂಡಿತ್ತು. ಆ ಕಾರು ಮುಂದಕ್ಕೆ ಎಷ್ಟು ವೇಗವಾಗಿ ಓಡುತ್ತಿತ್ತೋ ಹಿಂದಕ್ಕೂ ಅಷ್ಟೇ ವೇಗವಾಗಿ ಓಡಬಲ್ಲದಾಗಿತ್ತೆಂಬುದು ಒಂದು ವಿನೋದ.

ಭಾರತದಲ್ಲಿ ಈ ಏರ್ಪಾಟು ಜನಬಳಕೆಗೆ ಬಂದದ್ದು 1984ರಲ್ಲಿ ಕೈನೆಟಿಕ್ ಹೋಂಡಾ ಸ್ಕೂಟರಿನೊಡನೆ. ಅದಕ್ಕೂ ಮುನ್ನ ನಮ್ಮವರು ಬಲ್ಲ ಸ್ಕೂಟರೆಂದರೆ ಎಡಗೈಯ ಹಿಡಿಯನ್ನು ತಿರುಚಿ ಗೇರು ಬದಲಾಯಿಸಬೇಕಾದ ಲ್ಯಾಂಬ್ರೆಟ್ಟಾ, 1972ರಿಂದ ಬಂದ ಬಜಾಜ್ ಚೇತಕ್ ಮುಂತಾದವು. 2001ರಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲೆ ಬೆಲ್ಟಿನ ಸ್ಕೂಟರು ಮನೆಮನೆಯ ವಾಹನವಾಯಿತು; ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಆ ಸಂಸ್ಥೆಯ ಕಾರ್ಖಾನೆಯೂ ಆರಂಭವಾಯಿತು. ಈ ಬದಲಾವಣೆಯಿಂದ ಸವಾರನಿಗೆ ಸುಖ ಲಭಿಸಿತು, ಆದರೆ ಒಂದು ಸಾಧನ ಕೈತಪ್ಪಿತು. ಗೇರಿನ ವಾಹನದಲ್ಲಿ ಸದ್ದು ಎರಡನೆಯ ಗೇರಿನಲ್ಲಿ ಮಾತ್ರ ಬರುತ್ತದೆಯೋ, ಎಲ್ಲ ಗೇರುಗಳಲ್ಲಿಯೂ ಬರುತ್ತದೆಯೋ ಎಂದು ಕೇಳಿ ಶಂಕಿತ ಭಾಗಗಳನ್ನು ಬೇರ್ಪಡಿಸಬಹುದಾಗಿತ್ತು. ಬೆಲ್ಟಿನ ವಾಹನದಲ್ಲಿ ಅಂತಹ ಮೆಟ್ಟಿಲುಗಳೇ ಇಲ್ಲವಾದುದರಿಂದ ಪ್ರಶ್ನೆಗಳನ್ನು ಬೇರೆ ಬಗೆಯಲ್ಲಿ ಹೂಡಬೇಕಾಗುತ್ತದೆ.

ಪ್ರಶ್ನೆ ಹೂಡುವ ಮುನ್ನ ಒಳಗಿನ ರಚನೆಯನ್ನು ಅರಿಯಬೇಕು. ಎಂಜಿನಿನ ಕ್ರ್ಯಾಂಕ್ ದಂಡದ ಎಡತುದಿಯಲ್ಲಿ ಮುಂದಿನ ಪುಲ್ಲಿ ಇದೆ. ಮೆಕ್ಯಾನಿಕರು ಇದನ್ನು ವೇರಿಯೇಟರು ಎನ್ನುತ್ತಾರೆ. ಇದಕ್ಕೆ ಇಳಿಜಾರಾದ ಎರಡು ಮುಖಗಳು. ಹೊರಗಿನ ಮುಖವು ದಂಡಕ್ಕೆ ಬಿಗಿಯಾಗಿದ್ದು, ಗಾಳಿ ಬೀಸಲು ಅದರ ಮೇಲೆ ರೆಕ್ಕೆಗಳಿರುತ್ತವೆ. ಒಳಗಿನ ಮುಖವು ಒಂದು ಲೋಹದ ಬುಷ್ಷಿನ ಮೇಲೆ ಅತ್ತಿತ್ತ ಸರಿಯಬಲ್ಲದು. ಅದರ ಬೆನ್ನಿನ ಓಣಿಗಳಲ್ಲಿ ಸಾಮಾನ್ಯವಾಗಿ 6 ರೋಲರುಗಳು, ಅವುಗಳ ಹಿಂದೆ ಇಳಿಜಾರಾದ ಒಂದು ತಟ್ಟೆ. ಎಂಜಿನು ವೇಗವಾಗಿ ಸುತ್ತಿದಂತೆಲ್ಲ ರೋಲರುಗಳು ಹೊರಕ್ಕೆ ಸಿಡಿಯಲೆಳಸಿ ಒಳಮುಖವನ್ನು ಹೊರಮುಖದತ್ತ ದೂಡುತ್ತವೆ. ನಡುವೆ ಸಿಕ್ಕ ಬೆಲ್ಟು ಮೇಲೇರಿ ದೊಡ್ಡ ವೃತ್ತದಲ್ಲಿ ಸುತ್ತತೊಡಗುತ್ತದೆ. ಹಿಂದಿನ ಪುಲ್ಲಿಯಲ್ಲಿ ಇದರ ವಿಲೋಮ: ಬಲವಾದ ಸ್ಪ್ರಿಂಗೊಂದು ಅದರ ಮುಖಗಳನ್ನು ಒತ್ತಿ ಹಿಡಿದಿರುತ್ತದೆ, ಬೆಲ್ಟು ಎಳೆದಂತೆ ಮುಖಗಳು ಬಿಚ್ಚಿಕೊಂಡು ಬೆಲ್ಟು ಒಳಕ್ಕಿಳಿಯುತ್ತದೆ. ಹೊರಡುವಾಗ ಎಂಜಿನಿನ ಸುಮಾರು ಎರಡೂವರೆ ಸುತ್ತಿಗೆ ಹಿಂದಿನ ಪುಲ್ಲಿಯ ಒಂದು ಸುತ್ತು ಇದ್ದರೆ, ಪೂರ್ಣವೇಗದಲ್ಲಿ ಹಿಂದಿನದೇ ಮುಂದಿನದಕ್ಕಿಂತ ತುಸು ಹೆಚ್ಚು ಸುತ್ತುತ್ತದೆ.

ಹಿಂದಿನ ಪುಲ್ಲಿಗೆ ಕ್ಲಚ್ಚಿನ ಪಾದಗಳು, ಎಂದರೆ ಶೂಗಳು, ಜೋಡಣೆಗೊಂಡಿವೆ. ವೇಗ ಹೆಚ್ಚಿದಾಗ ಇವು ಹೊರಕ್ಕೆ ಅರಳಿ ತಮ್ಮನ್ನು ಸುತ್ತುವರಿದಿರುವ ಡ್ರಮ್ಮನ್ನು ಒಳಗಿನಿಂದ ಹಿಡಿಯುತ್ತವೆ. ಡ್ರಮ್ಮು ಒಂದು ದಂಡಕ್ಕೆ ಬಿಗಿದಿದೆ. ಆ ದಂಡವು ಹಿಂದಿನ ಗೇರುಪೆಟ್ಟಿಗೆಯನ್ನು ಹೊಕ್ಕು, ಹಲ್ಲುಗಾಲಿಗಳ ಮೂಲಕ ಚಕ್ರವನ್ನು ತಿರುಗಿಸುತ್ತದೆ. ಇಲ್ಲಿ ವಾಚಕರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಹಿಂದಿನ ಪುಲ್ಲಿಯು ಈ ದಂಡದ ಮೇಲೆಯೇ ಕುಳಿತಿದ್ದರೂ ಅದಕ್ಕೆ ಅಂಟಿಕೊಂಡಿಲ್ಲ. ನಡುವೆ ಬೇರಿಂಗುಗಳಿವೆ, ಅವುಗಳ ಮೇಲೆ ಪುಲ್ಲಿ ಸ್ವತಂತ್ರವಾಗಿ ಸುತ್ತುತ್ತದೆ. ಕಾರಣನಿರ್ಣಯದ ಬೀಗದಕೈ ಇರುವುದು ಈ ಒಂದು ಸಂಗತಿಯಲ್ಲಿಯೇ.

ವಾಹನವನ್ನು ನಿಲ್ಲಿಸಿ ಎಂಜಿನನ್ನು ಮೆಲ್ಲನೆ ಓಡಗೊಟ್ಟಾಗ, ಎಂದರೆ ಅದು ನಿಮಿಷಕ್ಕೆ 1,500ರಿಂದ 1,800 ಸುತ್ತು ಸುತ್ತುತ್ತಿರುವಾಗ, ಬೆಲ್ಟೂ ಹಿಂದಿನ ಪುಲ್ಲಿಯೂ ಸುತ್ತುತ್ತಲೇ ಇರುತ್ತವೆ. ಡ್ರಮ್ಮು ಮತ್ತು ದಂಡ ಮಾತ್ರ ನಿಶ್ಚಲ. ಆದುದರಿಂದ ಆಗ ಪುಲ್ಲಿಯ ಒಳಬೇರಿಂಗುಗಳು ದುಡಿಯುತ್ತಿವೆ, ಗೇರುಪೆಟ್ಟಿಗೆ ವಿಶ್ರಮಿಸುತ್ತಿದೆ. ವಾಹನವು ಓಡತೊಡಗಿ ಕ್ಲಚ್ಚು ಸಂಪೂರ್ಣವಾಗಿ ಹಿಡಿದಾಗ ಪುಲ್ಲಿ, ಶೂ, ಡ್ರಮ್ಮು, ದಂಡ ಎಲ್ಲವೂ ಒಂದೇ ವೇಗದಲ್ಲಿ ಒಟ್ಟಾಗಿ ಸುತ್ತುತ್ತವೆ. ಆಗ ಆ ಒಳಬೇರಿಂಗುಗಳಿಗೆ ಕೆಲಸವೇ ಇಲ್ಲ. ಗೇರುಪೆಟ್ಟಿಗೆಯೂ ಚಕ್ರದ ಬೇರಿಂಗೂ ದುಡಿಯುತ್ತಿವೆ. ಇನ್ನು ಎಂಜಿನನ್ನು ಆರಿಸಿ ವಾಹನವನ್ನು ಕೈಯಿಂದ ತಳ್ಳಿದಾಗ ಚಕ್ರ, ಗೇರು, ದಂಡ, ಡ್ರಮ್ಮು ಸುತ್ತುತ್ತವೆ, ಪುಲ್ಲಿ ಬೆಲ್ಟಿಗೆ ಸಿಕ್ಕಿ ನಿಂತೇ ಇರುತ್ತದೆ. ಹೀಗಾಗಿ ಒಳಬೇರಿಂಗುಗಳು ಇಲ್ಲಿಯೂ ದುಡಿಯುತ್ತವೆ. ತಳ್ಳಿದಾಗ ಸದ್ದು ಬಂದರೆ ದೋಷ ಗೇರುಪೆಟ್ಟಿಗೆಯದೇ ಎಂದು ಹಲವರು ತೀರ್ಮಾನಿಸುತ್ತಾರೆ; ಅದು ಅವಸರದ ತೀರ್ಮಾನ. ಆ ಒಂದು ಸಾಕ್ಷ್ಯ ಇಬ್ಬರು ಶಂಕಿತರಿಗೂ ಸಮಾನವಾಗಿ ಅನ್ವಯಿಸುತ್ತದೆ.

ಮೂರು ಸ್ಥಿತಿಗಳನ್ನೂ ಒಟ್ಟಿಗೆ ನೋಡಿದರೆ ಮಾತ್ರ ನಿರ್ಣಯ ದೊರೆಯುವುದು. ನಿಂತಾಗ ಸದ್ದಿದ್ದು, ಓಡುವಾಗ ಅಡಗಿ, ತಳ್ಳುವಾಗ ಮತ್ತೆ ಸಣ್ಣಗೆ ಗರಗರ ಎಂದರೆ ಪುಲ್ಲಿಯ ಒಳಬೇರಿಂಗು ಸವೆದಿದೆಯೆಂದು ಬಹುಮಟ್ಟಿಗೆ ಹೇಳಬಹುದು. ನಿಂತಾಗ ಇಲ್ಲದೆ, ಓಡುವಾಗಲೂ ತಳ್ಳುವಾಗಲೂ ಇದ್ದರೆ ಗೇರುಪೆಟ್ಟಿಗೆ, ಚಕ್ರದ ಬೇರಿಂಗು, ಇಲ್ಲವೆ ಬ್ರೇಕನ್ನು ಶಂಕಿಸಬೇಕು. ನಿಂತಾಗಲೂ ಓಡುವಾಗಲೂ ಇದ್ದು, ತಳ್ಳುವಾಗ ಮಾತ್ರ ಇಲ್ಲವಾದರೆ ಮೂಲವು ಎಂಜಿನಿನ ಬದಿಯಲ್ಲಿ, ಎಂದರೆ ವೇರಿಯೇಟರಿನಲ್ಲಿ, ಬೆಲ್ಟಿನಲ್ಲಿ ಅಥವಾ ಸ್ವತಃ ಎಂಜಿನಿನಲ್ಲಿದೆ. ಹೊರಡುವ ಮೊದಲ ಕ್ಷಣಗಳಲ್ಲಿ ಮಾತ್ರ ಕೇಳಿಸಿ ಮಾಯವಾಗುವುದು ಕ್ಲಚ್ಚಿನ ಶೂ ಮತ್ತು ಡ್ರಮ್ಮುಗಳ ವ್ಯವಹಾರ. ಅವೆರಡೂ ಪರಸ್ಪರ ಉಜ್ಜುವುದು ಆ ಕ್ಷಣಗಳಲ್ಲಿ ಮಾತ್ರವೇ.

ಇದನ್ನು ಇನ್ನಷ್ಟು ದೃಢಪಡಿಸಿಕೊಳ್ಳಲು ಒಂದು ಸರಳ ಪರೀಕ್ಷೆಯುಂಟು. ಬಯಲಿನಲ್ಲಿ ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎಂಜಿನನ್ನು ಮೆಲ್ಲನೆ ಓಡಗೊಡಬೇಕು. ನೆಲವನ್ನು ಮುಟ್ಟದ ಹಿಂಚಕ್ರ ಸಾಮಾನ್ಯವಾಗಿ ನಿಧಾನವಾಗಿ ಸುತ್ತುತ್ತಿರುತ್ತದೆ. ಈಗ ಹಿಂದಿನ ಬ್ರೇಕನ್ನು ಮೆಲ್ಲಗೆ ಹಿಡಿದರೆ ಚಕ್ರವೂ ಗೇರೂ ಡ್ರಮ್ಮೂ ನಿಲ್ಲುತ್ತವೆ. ಸದ್ದೂ ಅವುಗಳೊಡನೆ ನಿಂತರೆ ಅದು ಅವುಗಳದ್ದು. ಮುಂದುವರಿದರೆ ಅವು ನಿರಪರಾಧಿಗಳು. ಬಳಿಕ ಬ್ರೇಕು ಹಿಡಿದಂತೆಯೇ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತಿರುಗಿಸಬೇಕು. ವೇರಿಯೇಟರಿನ ತಟ್ಟೆಯ ಅಂಚಿನಲ್ಲಿರುವ ಪ್ಲಾಸ್ಟಿಕ್ಕಿನ ಜಾರುತುಂಡುಗಳು ಸವೆದಿದ್ದರೆ ಬರುವ ಟಕಟಕ ಸದ್ದು, ರೋಲರುಗಳು ತಟ್ಟೆಯನ್ನು ಒತ್ತಿದೊಡನೆಯೇ ಅಡಗುತ್ತದೆ. ಒಳಬೇರಿಂಗಿನ ಸದ್ದಾದರೋ ಅಡಗದೆ ಸ್ವರವನ್ನು ಏರಿಸುತ್ತದೆ. ಕ್ಲಚ್ಚು ಹಿಡಿಯತೊಡಗುವುದು ಸುಮಾರು 2,500ರಿಂದ 3,000 ಸುತ್ತುಗಳ ನಡುವೆ. ಬ್ರೇಕು ಹಿಡಿದು ಅದರಾಚೆಗೆ ಹೋಗುವುದು ಶೂಗಳನ್ನು ಸುಟ್ಟುಕೊಳ್ಳುವ ದಾರಿ. ಸುತ್ತುವ ಚಕ್ರದ ಬಳಿ ಸೀರೆಯ ಸೆರಗಾಗಲಿ, ಪಂಚೆಯ ಅಂಚಾಗಲಿ ಬಾರದಂತೆ ನೋಡಿಕೊಳ್ಳಬೇಕೆಂಬುದನ್ನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಈ ಲೇಖಕನ ಅನುಭವವನ್ನು ಇಲ್ಲಿ ನಿದರ್ಶನವಾಗಿ ಕೊಡಬಹುದು. ಕೂಡುರಸ್ತೆಗಳಲ್ಲಿ ನಿಂತಾಗಲೆಲ್ಲ ನನ್ನ ಸ್ಕೂಟರು ಒಣಗಿದ ಬೀಸುಕಲ್ಲಿನಂತೆ ಸದ್ದು ಮಾಡತೊಡಗಿತು. ದುರಸ್ತಿಯವರು ಮುಚ್ಚಳವನ್ನು ತೆಗೆದು, ಬೆಲ್ಟಿನಲ್ಲಿ ಸಣ್ಣ ಬಿರುಕುಗಳನ್ನು ಕಂಡು, ಬೆಲ್ಟನ್ನೂ ರೋಲರುಗಳನ್ನೂ ಬದಲಾಯಿಸಿದರು. ಬಿರುಕುಗಳಿದ್ದುದು ನಿಜ, ಬೆಲ್ಟು ಬದಲಾಗಬೇಕಾಗಿದ್ದುದೂ ನಿಜ. ಆದರೆ ಸದ್ದು ಬಿರುಕಿನದಾಗಿರಲಿಲ್ಲ. ದೋಷವೊಂದು ಕಣ್ಣಿಗೆ ಬಿದ್ದಿತೆಂಬ ಕಾರಣದಿಂದ ಅದೇ ನಾವು ಹುಡುಕುತ್ತಿರುವ ದೋಷವೆಂದು ಗ್ರಹಿಸಿದುದು ತಪ್ಪು. ಶಾಸನದಲ್ಲಿ ಪರಿಚಿತವಾದ ಹೆಸರೊಂದು ಕಂಡೊಡನೆ ಅದೇ ಅರಸನೆಂದು ಹಿಗ್ಗುವ ಹೊಸ ಸಂಶೋಧಕನ ತಪ್ಪೂ ಇದೇ ಜಾತಿಯದು. ನನ್ನ ಪಾಲಿನ ತಪ್ಪೂ ಇತ್ತು: ‘ಸದ್ದು ಬರುತ್ತಿದೆ’ ಎಂದಷ್ಟೇ ಹೇಳಿದ್ದೆನೇ ಹೊರತು ‘ನಿಂತಾಗ ಬರುತ್ತದೆ, ಹೊರಟರೆ ಹೋಗುತ್ತದೆ’ ಎಂದು ಹೇಳಿರಲಿಲ್ಲ. ಎರಡನೆಯ ಬಾರಿ ಇದನ್ನು ಹೇಳಿದಾಗ ಅದೇ ಮೆಕ್ಯಾನಿಕರು ಕ್ಷಣಕಾಲ ಯೋಚಿಸಿ, ಹಿಂದಿನ ಪುಲ್ಲಿಯನ್ನು ಬಿಚ್ಚಿ, ಒಳಬೇರಿಂಗನ್ನು ಬೆರಳಿನಿಂದ ತಿರುಗಿಸಿ ನನ್ನ ಕೈಗಿತ್ತರು. ಮರಳು ಸೇರಿದಂತೆ ಒರಟಾಗಿತ್ತು.

ಸದ್ದಿನ ಲಯವನ್ನು ಎಣಿಸುವುದೂ ಒಂದು ಪ್ರಮಾಣ. ಅಂದಾಜಿನ ಲೆಕ್ಕವನ್ನು ಹೀಗೆ ಹಾಕಬಹುದು. ನಿಂತಾಗ ಎಂಜಿನು 1,700 ಸುತ್ತಿನಲ್ಲಿದ್ದರೆ ಸೆಕೆಂಡಿಗೆ ಸುಮಾರು 28 ಸುತ್ತು; ಬೆಲ್ಟು ಉದ್ದವಾದುದರಿಂದ ಎಂಜಿನಿನ ಐದಾರು ಸುತ್ತಿಗೆ ಅದರದು ಒಂದು ಸುತ್ತು. ಆದ್ದರಿಂದ ಬೆಲ್ಟಿನ ಒಂದೆಡೆ ಹಲ್ಲು ಕಿತ್ತಿದ್ದರೆ ಅಥವಾ ಅಂಚು ಸೀಳಿದ್ದರೆ ಸೆಕೆಂಡಿಗೆ ಸುಮಾರು 5 ಬಾರಿ ತಪತಪ ಎನ್ನುತ್ತದೆ. ಅಭ್ಯಾಸವುಳ್ಳ ಕಿವಿ ಇದನ್ನು ಎಣಿಸಬಲ್ಲದು. ಹಿಂದಿನ ಪುಲ್ಲಿಯ ದೋಷವಾದರೆ ಸೆಕೆಂಡಿಗೆ ಹನ್ನೊಂದರ ಸುಮಾರು. ಎಣಿಕೆಗೆ ಸಿಕ್ಕದೆ ಗರಗರವೆಂದು ಕೂಡಿಹೋಗುತ್ತದೆ. ಗಂಟೆಗೆ 10 ಕಿಲೋಮೀಟರಿನಂತೆ ಸಾಗುವಾಗ 10 ಅಂಗುಲದ ಚಕ್ರ ಸೆಕೆಂಡಿಗೆ ಎರಡು ಸುತ್ತು ಸುತ್ತುತ್ತದೆ. ಆ ವೇಗದಲ್ಲಿ ಎರಡೆರಡರಂತೆ ಬರುವ ಸರಸರ ಸದ್ದು ಚಕ್ರದ್ದೋ ಟೈರಿನದ್ದೋ ಬ್ರೇಕಿನದ್ದೋ ಆಗಿರಬೇಕೇ ವಿನಾ ಬೆಲ್ಟಿನದಾಗಿರಲಾರದು. ಟೈರಿಗೆ ಅಂಟಿದ ಡಾಂಬರಿನ ತುಣುಕಿಗಾಗಿ ಕ್ಲಚ್ಚನ್ನು ಬಿಚ್ಚಿಸಿದವರುಂಟು.

ನಮ್ಮ ವ್ಯಾಕರಣಗಳು ಅನುಕರಣಾವ್ಯಯವೆಂದು ಹೆಸರಿಸುವ ಪದಗಳ ಸಂಪತ್ತು ಇಂತಹ ಕಡೆ ಉಪಕಾರಿ. ಕಟಕಟವೂ ಗರಗರವೂ ಒಂದಲ್ಲ. ಕಿರ್ ಎಂಬುದೂ ಗುಂಯ್ ಎಂಬುದೂ ಬೇರೆ. ಬಡಿಯುವ ಸದ್ದು ಸಡಿಲತೆಯನ್ನು, ಉರುಳುವ ಒರಟು ಸದ್ದು ಬೇರಿಂಗಿನ ಸವೆತವನ್ನು, ಕೀರಲು ಸದ್ದು ಜಾರುವಿಕೆಯನ್ನು, ಏಕನಾದದ ಗುಂಯ್ಕಾರ ಹಲ್ಲುಗಾಲಿಗಳನ್ನು ಸೂಚಿಸುವುದು ವಾಡಿಕೆ. ವಾಡಿಕೆಯೇ ಹೊರತು ನಿಯಮವಲ್ಲ. ಆದರೆ ದುರಸ್ತಿಗೆ ಹೋದಾಗ ‘ಏನೋ ಸದ್ದು’ ಎನ್ನುವುದಕ್ಕಿಂತ ಸರಿಯಾದ ಅನುಕರಣ ಪದವನ್ನೂ ಸಂದರ್ಭವನ್ನೂ ಹೇಳುವವನಿಗೆ ಅರ್ಧ ಕೆಲಸ ಆದಂತೆಯೇ.

ಇನ್ನು ಭಾಗಗಳ ಬಗ್ಗೆ ಪ್ರತ್ಯೇಕವಾಗಿ ಕೆಲವು ಮಾತು. ರೋಲರುಗಳು ದುಂಡಾಗಿರುವವರೆಗೆ ನುಣ್ಣಗೆ ಉರುಳುತ್ತವೆ. ಬಹುಕಾಲದ ಬಳಕೆಯಿಂದ ಒಂದು ಮಗ್ಗುಲು ಚಪ್ಪಟೆಯಾದಾಗ ಉರುಳುವ ಬದಲು ಜಾರಿ, ತಡೆದು, ಹಾರುತ್ತವೆ. ವೇಗ ಏರುವಾಗ ವಾಹನ ತಗ್ಗಿಗೆ ಬಿದ್ದೆದ್ದಂತೆ ಜಗ್ಗುವುದು ಇದರ ಲಕ್ಷಣ. ಸದ್ದು ಇಲ್ಲಿ ಗೌಣ. ಬೆಲ್ಟು ಸವೆದು ಅಗಲ ಕಡಿಮೆಯಾದರೆ ಮುಂದಿನ ಪುಲ್ಲಿಯಲ್ಲಿ ತಕ್ಕಷ್ಟು ಮೇಲೇರಲಾರದು, ಆದುದರಿಂದ ಎಂಜಿನು ಕೂಗಿದರೂ ವಾಹನದ ಗರಿಷ್ಠ ವೇಗ ಕುಂದುತ್ತದೆ. ಬೆಲ್ಟಿನ ಅಗಲಕ್ಕೆ ತಯಾರಕರು ಕೈಪಿಡಿಯಲ್ಲಿ ಮಿತಿಯನ್ನು ಕೊಟ್ಟಿರುತ್ತಾರೆ. ವರ್ನಿಯರಿನಿಂದ ಅಳೆದು ನೋಡಬೇಕೇ ಹೊರತು ಕಣ್ಣಳತೆ ಸಲ್ಲದು. ಎಣ್ಣೆ ಅಥವಾ ಗ್ರೀಸು ತಗುಲಿದ ಬೆಲ್ಟು ಜಾರಿ ಕೀರಲು ದನಿ ಮಾಡುತ್ತದೆ. ಆಗ ಬೆಲ್ಟನ್ನಷ್ಟೇ ಬದಲಾಯಿಸಿದರೆ ಸಾಲದು. ಎಣ್ಣೆ ಬಂದುದು ಕ್ರ್ಯಾಂಕಿನ ಸೀಲಿನಿಂದಲೋ, ಗೇರುಪೆಟ್ಟಿಗೆಯ ಸೀಲಿನಿಂದಲೋ, ಹಿಂದಿನ ಪುಲ್ಲಿಗೆ ಧಾರಾಳವಾಗಿ ಗ್ರೀಸು ಮೆತ್ತಿದವರ ಔದಾರ್ಯದಿಂದಲೋ ಎಂಬುದನ್ನು ಕಂಡುಹಿಡಿಯಬೇಕು.

ಕ್ಲಚ್ಚಿನ ಕೀರಲು ಬಹುಮಟ್ಟಿಗೆ ನಿರುಪದ್ರವಿ. ತೊಳೆದ ಮೇಲೆ ಅಥವಾ ಮಳೆಯ ಬೆಳಗಿನಲ್ಲಿ ಒಂದೆರಡು ಬಾರಿ ಕಿರ್ರೆಂದು ಒಣಗಿದ ಬಳಿಕ ಸುಮ್ಮನಾದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ನಿತ್ಯವೂ ಕೀರುತ್ತ, ಹೊರಡುವಾಗ ಮೈನಡುಗಿದಂತೆ ವಾಹನ ಅದುರಿದರೆ ಶೂಗಳ ಮುಖ ಹೊಳಪುಗಟ್ಟಿದೆ ಅಥವಾ ಡ್ರಮ್ಮು ಕಾದು ನೀಲಿಗಟ್ಟಿ ದುಂಡುತಪ್ಪಿದೆ ಎಂದು ತಿಳಿಯಬೇಕು. ಒಳಗೆ ಕೂಡಿದ ಧೂಳನ್ನು ಬಾಯಿಂದ ಊದುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಆ ಧೂಳು ಶ್ವಾಸಕೋಶಕ್ಕೆ ಹಿತವಲ್ಲ, ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಶೂಗಳನ್ನು ಹಿಡಿದಿರುವ ಸಣ್ಣ ಸ್ಪ್ರಿಂಗುಗಳಲ್ಲೊಂದು ಮುರಿದರೆ ನಿಂತಾಗಲೂ ಆ ಶೂ ಡ್ರಮ್ಮನ್ನು ತೀಡುತ್ತಿರುತ್ತದೆ, ವಾಹನ ತಾನಾಗಿ ಮುಂದಕ್ಕೆ ತೆವಳಲು ಹವಣಿಸುತ್ತದೆ. ಇದನ್ನು ಮುಂದೂಡಬಾರದು.

ದುರಸ್ತಿಯೇ ಸದ್ದಿಗೆ ಕಾರಣವಾಗುವ ಸಂದರ್ಭವೊಂದನ್ನು ಇಲ್ಲಿ ವಿಸ್ತರಿಸಿ ಹೇಳಬೇಕಾಗಿದೆ. ಬೆಲ್ಟನ್ನು ಹೊಸದಾಗಿ ಕೂರಿಸುವಾಗ ಹಿಂದಿನ ಪುಲ್ಲಿಯ ಮುಖಗಳನ್ನು ಬಿಚ್ಚಿ, ಬೆಲ್ಟನ್ನು ಅದರ ಆಳಕ್ಕೆ ಇಳಿಸಬೇಕು. ಆಗ ಮುಂದುಗಡೆ ಬೆಲ್ಟು ಸಡಿಲವಾಗಿ ಬುಷ್ಷಿನ ತುದಿಯಿಂದ ದೂರ ನಿಲ್ಲುತ್ತದೆ. ಹಾಗೆ ಮಾಡದೆ ನಟ್ಟನ್ನು ಬಿಗಿದರೆ ಹೊರಮುಖ ಮತ್ತು ಬುಷ್ಷುಗಳ ನಡುವೆ ಬೆಲ್ಟು ಸಿಕ್ಕಿಕೊಳ್ಳುತ್ತದೆ. ಬಿಗಿಯುವ ಕೈಗೆ ನಟ್ಟು ಪೂರ್ಣ ಬಿಗಿಯಾದಂತೆ ತೋರುತ್ತದೆ. ನಿಜವಾಗಿ ಅದು ಒತ್ತಿರುವುದು ರಬ್ಬರನ್ನು. ಎಂಜಿನು ನಾಲ್ಕು ಸುತ್ತು ಸುತ್ತಿದೊಡನೆ ಬೆಲ್ಟು ಜಾರಿಕೊಳ್ಳುತ್ತದೆ, ನಟ್ಟು ಸಡಿಲವಾಗುತ್ತದೆ, ಹೊರಮುಖವು ದಂಡದ ಹಲ್ಲುಗಳ ಮೇಲೆ ಕಟಕಟನೆ ಬಡಿದು ಅವನ್ನು ಕ್ರಮೇಣ ತೇಯ್ದುಹಾಕುತ್ತದೆ. ಹಲ್ಲು ಹೋದ ಕ್ರ್ಯಾಂಕ್ ದಂಡವನ್ನು ಬದಲಾಯಿಸುವುದೆಂದರೆ ಎಂಜಿನನ್ನೇ ಸೀಳಿದಂತೆ. ಪ್ರತಿಕಾರನು ಓಲೆಗೆ ಸೇರಿಸಿದ ಪ್ರಕ್ಷೇಪವನ್ನು ಮೂಲಪಾಠವೆಂದು ಓದಿ ದಾರಿತಪ್ಪುವುದುಂಟಷ್ಟೆ. ಬೆಲ್ಟು ಬದಲಾದ ಒಂದೆರಡು ದಿನಗಳಲ್ಲಿ ಮುಂದುಗಡೆಯಿಂದ ಲೋಹದ ಸದ್ದು ಕೇಳಿದರೆ ಅದು ಹಳೆಯ ರೋಗವಲ್ಲ, ಹೊಸ ಕೈಬರಹ. ಮತ್ತೆ ಓಡಿಸದೆ ಒಡನೆಯೇ ಮುಚ್ಚಳ ತೆರೆಸಬೇಕು. ನಟ್ಟು ಬಿಚ್ಚುವಾಗ ಪುಲ್ಲಿ ತಿರುಗದಂತೆ ತಡೆಯಲು ರೆಕ್ಕೆಗಳ ನಡುವೆ ತಿರುಪುಳಿಯನ್ನು ತುರುಕುವುದೂ ಇಂತಹುದೇ ಅಪಚಾರ. ರೆಕ್ಕೆಯೊಂದು ಮುರಿದರೆ ಪುಲ್ಲಿಯ ತೂಕದ ಸಮತೋಲ ತಪ್ಪಿ ಎಂಜಿನು ಅದುರತೊಡಗುತ್ತದೆ. ಅದಕ್ಕೆ ತಕ್ಕ ಹಿಡಿಕೆಯ ಉಪಕರಣವಿದೆ.

ಮುಚ್ಚಳದ ವಿಷಯದಲ್ಲಿಯೂ ಎಚ್ಚರ ಬೇಕು. ಅಲ್ಯುಮಿನಿಯಮ್ಮಿನ ಆ ದೊಡ್ಡ ಕವಚ ಒಂದು ನಗಾರಿಯಂತೆ ವರ್ತಿಸುತ್ತದೆ. ಮುಂದೆ ಹುಟ್ಟಿದ ಸದ್ದು ಹಿಂದೆ ಕೇಳಿಸಿ ಮೋಸಗೊಳಿಸಬಹುದು. ಉದ್ದನೆಯ ತಿರುಪುಳಿಯ ತುದಿಯನ್ನು ಕವಚದ ಬೇರೆಬೇರೆ ಕಡೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುವ ಮೆಕ್ಯಾನಿಕರ ಕ್ರಮ ವೈದ್ಯನ ಸ್ಟೆತಾಸ್ಕೋಪಿಗೆ ಸಾಟಿಯಾದುದು. ಇದೇ ಕವಚದ ಒಳಮೈಯಲ್ಲಿ ಹಲವು ಸ್ಕೂಟರುಗಳಲ್ಲಿ ಕಿಕ್ಕಿನ ಹಲ್ಲುಗಾಲಿ ಇದೆ. ಅದರ ಸ್ಪ್ರಿಂಗು ಸೋತು, ಧೂಳಿನಿಂದ ಗ್ರೀಸು ಗಟ್ಟಿಯಾಗಿ, ಹಲ್ಲುಗಾಲಿ ಪೂರ್ಣವಾಗಿ ಹಿಂದೆ ಸರಿಯದಿದ್ದರೆ ಸುತ್ತುವ ಪುಲ್ಲಿಯ ಹಲ್ಲಿಗೆ ತಾಗಿ ಕರಕರ ಎನ್ನುತ್ತದೆ. ಕಿಕ್ಕಿನ ಕಾಲನ್ನು ಕೈಯಿಂದ ತುಸು ಅಲುಗಿಸಿದಾಗ ಸದ್ದು ಬದಲಾದರೆ ಮೂಲ ಸಿಕ್ಕಿದಂತೆಯೇ. ಇದು ಶುಚಿಮಾಡಿ ಗ್ರೀಸು ಹಚ್ಚಿದರೆ ಮುಗಿಯುವ ಕೆಲಸ, ಆದರೂ ಎಷ್ಟೋ ವೇಳೆ ಇದಕ್ಕೆ ವೇರಿಯೇಟರಿನ ಬೆಲೆ ತೆರಲಾಗಿದೆ. ಕವಚವನ್ನು ಕಳಚಿ ಎಂಜಿನನ್ನು ಓಡಿಸಿ ನೋಡುವ ಕುತೂಹಲವನ್ನು ಮಾತ್ರ ವಿದ್ಯಾರ್ಥಿಗಳು ತಡೆದುಕೊಳ್ಳಬೇಕು. ಆ ರೆಕ್ಕೆಗಳೂ ಬೆಲ್ಟೂ ಬೆರಳನ್ನು ಗುರುತಿಸುವುದಿಲ್ಲ.

ಗೇರುಪೆಟ್ಟಿಗೆಯ ಪರೀಕ್ಷೆ ಎಲ್ಲಕ್ಕಿಂತ ಸುಲಭ. ಹಲವು ಸ್ಕೂಟರುಗಳಲ್ಲಿ ಅದು ಹಿಡಿಯುವ ಎಣ್ಣೆ ಸುಮಾರು 100ರಿಂದ 120 ಮಿಲಿಲೀಟರು ಮಾತ್ರ. ಅದನ್ನು ಬಿಳಿಯ ಬಟ್ಟಲಿಗೆ ಇಳಿಸಿ ಬಿಸಿಲಿಗೆ ಹಿಡಿದರೆ ಲೋಹದ ಹುಡಿ ಮಿನುಗುತ್ತದೆಯೇ, ನೀರು ಬೆರೆತು ಹಾಲುಬಣ್ಣವಾಗಿದೆಯೇ ಎಂಬುದು ಕಾಣುತ್ತದೆ. ಎಣ್ಣೆ ಅಳತೆಗಿಂತ ಬಹಳ ಕಡಿಮೆ ಬಂದರೆ ಅದೂ ಒಂದು ಉತ್ತರವೇ. ವೇಗದೊಡನೆ ಏರಿಳಿಯುವ ಮೆಲುವಾದ ಗುಂಯ್ಕಾರ ಹೊಸ ವಾಹನದಲ್ಲಿಯೂ ಇರುತ್ತದೆ. ಅದು ಮೊದಲಿಗಿಂತ ಹೆಚ್ಚಾಗಿದೆಯೇ ಎಂಬುದಷ್ಟೇ ಪ್ರಶ್ನೆ.

ಯಾವ ಸದ್ದಿನೊಡನೆ ಮನೆಯವರೆಗೆ ಹೋಗಬಹುದು, ಯಾವುದರೊಡನೆ ಹೋಗಬಾರದು ಎಂಬುದು ಸವಾರನಿಗೆ ಕೊನೆಯದಾಗಿ ಬೇಕಾದ ವಿವೇಕ. ಕ್ಲಚ್ಚಿನ ಕೀರಲು, ಜಾರುತುಂಡುಗಳ ಟಕಟಕ, ಕಿಕ್ಕಿನ ಹಲ್ಲುಗಾಲಿಯ ಮೆಲುವಾದ ಸವರಿಕೆ ಕೆಲವು ದಿನ ಕಾಯಬಲ್ಲವು. ಒಳಬೇರಿಂಗಿನ ಗರಗರ ವಾರಗಳ ಕಾಲ ಒಂದೇ ಸಮನಾಗಿದ್ದು ಒಮ್ಮೆಲೇ ಕೆಡಬಹುದು. ಅದು ಒಡೆದರೆ ಪುಲ್ಲಿ ದಂಡಕ್ಕೆ ಕಚ್ಚಿಕೊಂಡು, ಕ್ಲಚ್ಚು ಬಿಟ್ಟರೂ ಚಕ್ರ ಸುತ್ತುತ್ತಲೇ ಇರಬಹುದು. ಬೆಲ್ಟಿನ ತಪತಪ ಸದ್ದನ್ನಂತೂ ಉದಾಸೀನ ಮಾಡಲಾಗದು. ಓಡುವಾಗ ಬೆಲ್ಟು ಹರಿದರೆ ಎಂಜಿನು ಕೂಗುತ್ತದೆ, ವಾಹನಕ್ಕೆ ಎಳೆತವಿರುವುದಿಲ್ಲ. ಹರಿದ ನಾರು ಹಿಂದಿನ ಪುಲ್ಲಿಗೆ ಸುತ್ತಿಕೊಂಡು ಇತರ ಭಾಗಗಳನ್ನೂ ಕೆಡಿಸಬಹುದು. ಘಟ್ಟವನ್ನು ಇಳಿಯುವಾಗ ಇದಾದರೆ ಎಂಜಿನಿನ ಹಿಡಿತ ತಪ್ಪಿ, ಇಬ್ಬರ ಭಾರವನ್ನು ಬ್ರೇಕುಗಳೇ ಹೊರಬೇಕಾಗುತ್ತದೆ. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರು ತುಂಬಿದ ಬೆಲ್ಟನ್ನು ಅಂತಹ ಪ್ರಯಾಣಕ್ಕೆ ಮುನ್ನವೇ ಬದಲಾಯಿಸಿ, ಹೊಸ ಬೆಲ್ಟಿನ ಮೇಲೆ ಬಾಣದ ಗುರುತಿದ್ದರೆ ಅದು ಸುತ್ತುವ ದಿಕ್ಕಿಗೇ ಇದೆಯೇ ಎಂದು ಮುಚ್ಚಳ ಹಾಕುವ ಮೊದಲು ನೋಡಿಕೊಳ್ಳಬೇಕು. ತೆಗೆದ ಹಳೆಯ ಬೆಲ್ಟನ್ನು ಕೇಳಿ ಪಡೆದು, ಹಲ್ಲುಗಳ ಬುಡವನ್ನು ಹಿಂದಕ್ಕೆ ಬಗ್ಗಿಸಿ ಬಿರುಕನ್ನು ಕಣ್ಣಾರೆ ಪರೀಕ್ಷಿಸಬೇಕು.